ನಾಯಿಗೆ ಒಣಮಾಂಸ: ಬಿಸಿಲೊಂದೇ ಸಾಲದು

ಒಣಗಿಸಿ ಇಡುವ ವಿದ್ಯೆಯನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ, ಒಣಮೀನು ಮಾಡಿ ಡಬ್ಬಿ ತುಂಬಿಸುವುದು ಇಲ್ಲಿನ ಹಳೆಯ ರೂಢಿ. ಈಗ ಆ ಸಾಲಿಗೆ ಸಾಕುನಾಯಿಯ ತಿಂಡಿಯೂ ಸೇರುವ ಲಕ್ಷಣ ಕಾಣುತ್ತಿದೆ. ಕೋಳಿಮಾಂಸ, ಲಿವರ್, ಗೆಣಸುಗಳನ್ನು ತೆಳ್ಳಗೆ ಕೊಯ್ದು ವಿದ್ಯುತ್ ಡ್ರೈಯರ್‌ನಲ್ಲಿ ಒಣಗಿಸುವ ವಿಧಾನ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಯಂತ್ರವನ್ನೂ ಅಲ್ಲಿಂದಲೇ ತರಿಸಿಕೊಳ್ಳಬಹುದು. ಉದ್ದೇಶ ಒಳ್ಳೆಯದೇ. ಆದರೆ ಒಣಮೀನಿನ ಅನುಭವವನ್ನೇ ನಂಬಿ ಈ ಕೆಲಸಕ್ಕೆ ಇಳಿದರೆ ನಾಯಿಗೆ ಮಾತ್ರವಲ್ಲ, ಮನೆಯ ಮಕ್ಕಳಿಗೂ ಅಪಾಯವಿದೆ.

ಪ್ಯಾಕೆಟ್ ಮೇಲಿನ ಅವಿಶ್ವಾಸ

ಮನೆಯಲ್ಲೇ ಮಾಡುವ ಒಲವಿಗೆ ಕಾರಣವಿಲ್ಲದೆ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಚೀನಾದಿಂದ ತರಿಸಿದ ಗೋಧಿ ಗ್ಲುಟೆನ್‌ನಲ್ಲಿ ಮೆಲಮಿನ್ ಎಂಬ ರಾಸಾಯನಿಕ ಬೆರೆತಿದ್ದುದು ಪತ್ತೆಯಾಗಿ, ಸಾಕುಪ್ರಾಣಿಗಳ ಆಹಾರವನ್ನು ಭಾರೀ ಪ್ರಮಾಣದಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷದಿಂದ ಒಣಮಾಂಸದ ತಿಂಡಿಗಳ ಬಗ್ಗೆಯೂ ದೂರುಗಳು ಬರತೊಡಗಿದವು. 2014ರ ಮೇ ತಿಂಗಳ ಹೊತ್ತಿಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಸುಮಾರು 4,800 ದೂರುಗಳು ತಲಪಿದ್ದವು. 5,600ಕ್ಕೂ ಹೆಚ್ಚು ನಾಯಿಗಳು ಕಾಯಿಲೆ ಬಿದ್ದಿದ್ದು, 1,000ಕ್ಕೂ ಹೆಚ್ಚು ಸತ್ತಿವೆ ಎಂಬುದು ದೂರುಗಳ ಒಟ್ಟು ಸಾರ. ಆಗ ನಿಖರ ಕಾರಣ ಗೊತ್ತಾಗಿರಲಿಲ್ಲ.

ನಮ್ಮ ದೇಶದಲ್ಲಿ ಪರಿಸ್ಥಿತಿ ಬೇರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 'ಆಹಾರ' ಎಂಬ ಪದದ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಟ್ಟಿದೆ. ಮನುಷ್ಯರು ತಿನ್ನುವ ಬಿಸ್ಕತ್ತಿಗೆ ಅನ್ವಯಿಸುವ ಆ ಕಾಯ್ದೆ ನಾಯಿಯ ಬಿಸ್ಕತ್ತಿಗೆ ಅನ್ವಯಿಸುವುದಿಲ್ಲ. ಭಾರತೀಯ ಮಾನಕ ಬ್ಯೂರೋ ನಾಯಿ, ಬೆಕ್ಕುಗಳ ಆಹಾರಕ್ಕೆ ಮಾನಕ ರೂಪಿಸಿದೆಯಾದರೂ ಮನೆಯ ಅಡುಗೆಕೋಣೆಯವರೆಗೆ ಅದು ಬರುವುದಿಲ್ಲ. ಅಲ್ಲಿ ತಿಳುವಳಿಕೆಯೊಂದೇ ಕಾವಲು.

ಒಣಮೀನಿಗೂ ಇದಕ್ಕೂ ವ್ಯತ್ಯಾಸ

ಒಣಮೀನು ಕೆಡದಿರುವುದು ಬಿಸಿಲಿನಿಂದ ಮಾತ್ರವಲ್ಲ, ಉಪ್ಪಿನಿಂದಲೂ ಹೌದು. ಅದನ್ನು ನಾವು ತೊಳೆದು, ಸುಟ್ಟು ಅಥವಾ ಹುರಿದು ತಿನ್ನುತ್ತೇವೆ. ನಾಯಿಯ ಒಣಮಾಂಸಕ್ಕೆ ಈ ಎರಡೂ ರಕ್ಷಣೆಗಳಿಲ್ಲ. ಅಷ್ಟು ಉಪ್ಪು ನಾಯಿಗೆ ಆಗದು. ಡಬ್ಬಿಯಿಂದ ತೆಗೆದದ್ದು ಮತ್ತೆ ಬೆಂಕಿ ಕಾಣದೆ ನೇರವಾಗಿ ಬಾಯಿಗೆ ಹೋಗುತ್ತದೆ. ಬಹಳ ಸಲ ಅದು ಹೋಗುವುದು ಮಕ್ಕಳ ಕೈಯಿಂದ.

ಒಣಗಿಸುವುದರಿಂದ ನೀರು ಹೋಗುತ್ತದೆ, ರೋಗಾಣು ಸಾಯಲೇಬೇಕೆಂದಿಲ್ಲ. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಒಣಗಿದ ಮೇಲೆ ಶಾಖವನ್ನು ಇನ್ನಷ್ಟು ತಡೆದುಕೊಳ್ಳುತ್ತದೆ. ಆದುದರಿಂದಲೇ ಅಮೆರಿಕದ ಕೃಷಿ ಇಲಾಖೆ ಮನುಷ್ಯರ ಒಣಮಾಂಸಕ್ಕೂ ಮೊದಲು ಬೇಯಿಸಿ ಆಮೇಲೆ ಒಣಗಿಸುವ ಕ್ರಮ ಹೇಳಿದೆ. ಕೋಳಿಯಾದರೆ ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್, ದನ ಅಥವಾ ಆಡಿನದಾದರೆ 71 ಡಿಗ್ರಿ ಮುಟ್ಟಬೇಕು. ನಂತರ ಒಣಗಿಸಲು 55ರಿಂದ 60 ಡಿಗ್ರಿ ಸಾಕು. ವಿದೇಶಿ ವೀಡಿಯೋಗಳು ಹೇಳುವ 160, 165 ಎಂಬ ಅಂಕಿಗಳು ಫ್ಯಾರನ್‌ಹೀಟ್ ಲೆಕ್ಕದವು ಎಂಬುದೂ ನೆನಪಿರಲಿ.

ಹಕ್ಕಿಜ್ವರದ ಎಚ್ಚರಿಕೆ

ಹಸಿಮಾಂಸದ ಅಪಾಯ ದೂರದ ಮಾತಲ್ಲ. 2024ರ ಡಿಸೆಂಬರ್ ಕೊನೆಗೆ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿಗಳು ಮತ್ತು ಒಂದು ಚಿರತೆ ಹಕ್ಕಿಜ್ವರದಿಂದ ಸತ್ತವು. ಅವುಗಳಿಗೆ ಹಾಕಿದ ಕೋಳಿಮಾಂಸದ ಮೇಲೆಯೇ ಶಂಕೆ ಮೂಡಿತು. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವುಪೇಟೆಯ ಎರಡು ವರ್ಷದ ಮಗುವೊಂದು ಇದೇ ವೈರಸ್‌ಗೆ ಬಲಿಯಾಯಿತು. ಮಗು ಹಸಿ ಕೋಳಿಮಾಂಸ ತಿಂದಿತ್ತೆಂದು ವರದಿಯಾಗಿತ್ತು. ಕೇರಳದ ಆಲಪ್ಪುಳದಲ್ಲೂ 2024ರಲ್ಲಿ ಹಕ್ಕಿಜ್ವರ ಹಬ್ಬಿತ್ತು. ಸರಿಯಾಗಿ ಬೆಂದ ಮಾಂಸದಲ್ಲಿ ಈ ವೈರಸ್ ಉಳಿಯುವುದಿಲ್ಲ. ಆದರೆ ಅಂಗಳದ ಬಿಸಿಲಿಗೆ ಅದನ್ನು ಕೊಲ್ಲುವಷ್ಟು ಕಾವಿಲ್ಲ.

ತಿಂಡಿಯೇ ಹೊರತು ಊಟವಲ್ಲ

ಎಲುಬಿಲ್ಲದ ಒಂದು ಕಿಲೋ ಕೋಳಿಮಾಂಸದಲ್ಲಿ ಸುಮಾರು 750 ಗ್ರಾಂ ನೀರೇ ಇರುತ್ತದೆ. ಒಣಗಿದ ಮೇಲೆ ಉಳಿಯುವುದು 300 ಗ್ರಾಮಿಗೂ ಕಡಿಮೆ. ನೋಡಲು ಸ್ವಲ್ಪ, ಸತ್ವದಲ್ಲಿ ಹೆಚ್ಚು. ತಿಂಡಿಯ ಪಾಲು ದಿನದ ಆಹಾರದ ಶೇ. 10ನ್ನು ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. 15 ಕಿಲೋ ತೂಗುವ ಊರನಾಯಿಗೆ ಇದು ಸುಮಾರು 20 ಗ್ರಾಂ ಆಗುತ್ತದೆ. ಜತೆಗೆ ಕುಡಿಯಲು ನೀರು ಸದಾ ಇರಬೇಕು.

ಬರೀ ಮಾಂಸವನ್ನೇ ಊಟವಾಗಿಸಿದರೆ ತೊಂದರೆ ಖಂಡಿತ. ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚು. ಬೆಳೆಯುವ ಮರಿಗಳ ಎಲುಬು ಇದರಿಂದ ಸೊರಗುತ್ತದೆ. ಹಾಗೆಂದು ಬೆಂದ ಎಲುಬು ಹಾಕುವುದೂ ತಪ್ಪು; ಅದು ಚೂಪಾಗಿ ಒಡೆದು ಕರುಳಿಗೆ ಚುಚ್ಚಬಹುದು. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ನಾಯಿಗಳ ಮನೆಯಡುಗೆಯ 200 ಪಾಕವಿಧಾನಗಳನ್ನು ಪರಿಶೀಲಿಸಿದಾಗ ಶೇ. 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶದ ಕೊರತೆ ಕಂಡುಬಂದಿತ್ತು. ಪಶುವೈದ್ಯರೇ ಬರೆದ ಪಾಕವಿಧಾನಗಳೂ ಅವುಗಳಲ್ಲಿದ್ದವು.

ನಮ್ಮ ಅಡುಗೆಯ ಒಗ್ಗರಣೆಯೂ ಇಲ್ಲಿ ಸಲ್ಲದು. ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಮಸಾಲೆ ಹಾಕದೆ ಬರೀ ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಯಿಸಿ, ತೆಳ್ಳಗೆ ಕೊಯ್ದು, ಮುರಿದಾಗ ಒಳಗೆ ಪಸೆ ಕಾಣದಷ್ಟು ಒಣಗಿಸಬೇಕು. ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಬೇಕು. ಆಟಿ ತಿಂಗಳ ತೇವಕ್ಕೆ ಹೊರಗಿಟ್ಟ ಹಪ್ಪಳವೇ ಮೆತ್ತಗಾಗುತ್ತದೆ. ಒಣಮಾಂಸ ಬೂಸ್ಟು ಹಿಡಿಯದೆ ಇರುತ್ತದೆಯೇ? ಬೂಸ್ಟು ಕಂಡರೆ ಡಬ್ಬಿಯಲ್ಲಿದ್ದ ಅಷ್ಟನ್ನೂ ಎಸೆಯುವುದೇ ಸರಿ.

ಮಾರಾಟಕ್ಕೆ ಬರುವ ಮುನ್ನ

ಇಂದು ಸ್ವಂತ ನಾಯಿಗೆ ಮಾಡಿದ್ದು ನಾಳೆ ನೆರೆಮನೆಗೆ, ನಾಳಿದ್ದು ಅಂಗಡಿಗೆ ಹೋಗುವುದು ಸಹಜ. ಮಹಿಳಾ ಘಟಕಗಳಿಗೆ ಇದೊಂದು ಆದಾಯದ ದಾರಿಯೂ ಆಗಬಹುದು. 1998ರಲ್ಲಿ ಆರಂಭವಾದ ಕುಟುಂಬಶ್ರೀಗೆ ಉಪ್ಪಿನಕಾಯಿ, ಹಪ್ಪಳಗಳನ್ನು ಮಾರುಕಟ್ಟೆಗೆ ತಂದ ಅನುಭವವಿದೆ. ಆದರೆ ಮಾಂಸದ ಪದಾರ್ಥಕ್ಕೆ ಬೇರೆಯೇ ತರಬೇತಿ ಬೇಕು. ಬೇಯಿಸಿದ ಮತ್ತು ಒಣಗಿಸಿದ ದಿನ, ಬಳಸಿದ ವಸ್ತುಗಳು, ಇಡುವ ಕ್ರಮ, ಇಷ್ಟನ್ನಾದರೂ ಪ್ಯಾಕೆಟ್ ಮೇಲೆ ಬರೆಯುವ ಶಿಸ್ತು ಮೊದಲೇ ಬೆಳೆಯಬೇಕು.

ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಪಂಚಾಯತುಗಳಲ್ಲಿ ಮೃಗಾಸ್ಪತ್ರೆಗಳಿವೆ. ಒಂದು ಪುಟದ ಸರಳ ಕೈಪಿಡಿ ಸಿದ್ಧಪಡಿಸುವುದು ಇವುಗಳಿಗೆ ದೊಡ್ಡ ಕೆಲಸವಲ್ಲ. ಅದು ಮಲಯಾಳದ ಜತೆಗೆ ಕನ್ನಡದಲ್ಲೂ ಬರಬೇಕು. ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಅವಕಾಶ ಕೊಟ್ಟಿದೆ. ಆ ಹಕ್ಕು ಅರ್ಜಿ, ನೋಟೀಸುಗಳಿಗಷ್ಟೇ ಸೀಮಿತವಾದರೆ ಸಾಲದು. ಅಡುಗೆಕೋಣೆಯ ಸುರಕ್ಷತೆಯ ಮಾಹಿತಿಯೂ ಓದುವವರ ಭಾಷೆಯಲ್ಲಿ ಸಿಗಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಪಂಚಾಯತು ಸದಸ್ಯರು ಮುಂದಿನ ಗ್ರಾಮಸಭೆಯಲ್ಲೇ ಈ ಬೇಡಿಕೆ ಇಡಬಹುದು.