ಸರಕಾರಿ ಗುತ್ತಿಗೆಗಳೂ ಸುಶಿಕ್ಷಿತರ ಕರ್ತವ್ಯವೂ

ಆರ್ಥಿಕ ವರ್ಷವು ಮಾರ್ಚಿ 31ಕ್ಕೆ ಮುಗಿಯುವುದು. ಆ ದಿನವು ಸಮೀಪಿಸಿದಂತೆ ಸರಕಾರಿ ಕಚೇರಿಗಳಲ್ಲಿ ಅದುವರೆಗೆ ಕಾಣದ ಚಟುವಟಿಕೆಯು ಕಾಣತೊಡಗುವುದು. ಹನ್ನೊಂದು ತಿಂಗಳು ನಿದ್ರಿಸುತ್ತಿದ್ದ ಕಾಮಗಾರಿಗಳು ಎಚ್ಚತ್ತು ಏಳುವವು. ಬಿಲ್ಲುಗಳು ಸಾಲುಗಟ್ಟಿ ಖಜಾನೆಯ ಬಾಗಿಲಿಗೆ ಬರುವವು. ಉಳಿದ ಹಣವು ವಾಪಸು ಹೋಗಬಾರದೆಂಬ ಒಂದೇ ಕಾರಣದಿಂದ ಬೇಕಾದುದನ್ನೂ ಬೇಡವಾದುದನ್ನೂ ಕೊಳ್ಳುವರು. ವರ್ಷದ ಕೊನೆಯಲ್ಲಿ ಹೀಗೆ ಖರ್ಚನ್ನು ನುಗ್ಗಿಸುವುದು ಆರ್ಥಿಕ ಶಿಸ್ತಿನ ಭಂಗವೆಂದು ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಸಾರುತ್ತವೆ. ಆದರೂ ರೂಢಿಯು ತಪ್ಪಿಲ್ಲ. ಇದಕ್ಕೆ ಕಾರಣವೇನು? ನಿಯಮಗಳನ್ನು ಮಾಡುವವರುಂಟು, ಮೀರುವವರೂ ಉಂಟು. ಲೆಕ್ಕವನ್ನು ಓದಿ ಕೇಳುವವರು ಮಾತ್ರ ವಿರಳರು. ಈ ವಾರ ವಾಚಕರ ಮುಂದೆ ನಾವು ಇಡಬಯಸುವ ಮಾತು ಇದೇ.

ಸರಕಾರಿ ಗುತ್ತಿಗೆ ಎಂದರೆ ಯಾರ ಗುತ್ತಿಗೆ? ಸಂವಿಧಾನದ 299ನೆಯ ಅನುಚ್ಛೇದದ ಮೇರೆಗೆ ರಾಜ್ಯ ಸರಕಾರದ ಕರಾರುಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ಆಗತಕ್ಕವು. ಆದರೆ ಆ ಕರಾರಿಗೆ ರಾಜ್ಯಪಾಲರಾಗಲಿ, ಅವರ ಪರವಾಗಿ ಸಹಿ ಹಾಕಿದ ಅಧಿಕಾರಿಯಾಗಲಿ ಸ್ವಂತಕ್ಕೆ ಹೊಣೆಗಾರರಲ್ಲವೆಂದು ಅದೇ ಅನುಚ್ಛೇದವು ಹೇಳುವುದು. ಹಾಗಾದರೆ ಹಣವನ್ನು ತೆರುವವರು ಯಾರು? ಅಂಗಡಿಯಲ್ಲಿ ಸಾಬೂನು ಕೊಳ್ಳುವಾಗ ತೆರಿಗೆ ಕೊಡುವ ಕೂಲಿಕಾರನು, ಮನೆಯ ಕಂದಾಯ ಕಟ್ಟುವ ಗೃಹಸ್ಥನು. ಸಹಿ ಯಾರದೇ ಇರಲಿ, ಕರಾರಿನ ನಿಜವಾದ ಪಕ್ಷಗಾರರು ಪ್ರಜೆಗಳೇ. ತನ್ನ ಹೆಸರಿನ ಕರಾರನ್ನು ಓದದೆ ಹಣ ಎಣಿಸಿಕೊಡುವ ಕಕ್ಷಿಗಾರನನ್ನು ಯಾವ ವಕೀಲನೂ ಬುದ್ಧಿವಂತನೆನ್ನಲಾರನು.

ಕಾಯದೆಗಳ ಕೊರತೆ ನಮಗಿಲ್ಲ. ತಮಿಳುನಾಡು 1998ರಲ್ಲಿ ಟೆಂಡರುಗಳ ಪಾರದರ್ಶಕತೆಗಾಗಿ ಕಾಯದೆ ಮಾಡಿತು. ಮರುವರ್ಷವೇ ಕರ್ನಾಟಕವು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಮಾಡಿತು. ಕಾಯದೆಯೇ ಹೇಳಿದ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಟೆಂಡರು ಕರೆಯದೆ ಸರಕಾರಿ ಕಚೇರಿಯು ಕೆಲಸ ಮಾಡಿಸಕೂಡದು, ಸಾಮಾನು ಕೊಳ್ಳಕೂಡದು. ಈಗ ಟೆಂಡರುಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಜಾಲತಾಣದಲ್ಲಿ ಪ್ರಕಟವಾಗುವವು. ಒಂದು ಕಾಲಕ್ಕೆ ಲಕೋಟೆ ಹಿಡಿದು ಕಚೇರಿಯ ಮೆಟ್ಟಿಲು ಹತ್ತಬೇಕಾಗಿದ್ದ ಕೆಲಸವು ಮನೆಯಲ್ಲಿ ಕುಳಿತೇ ನಡೆಯುವುದು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಕಲಮು ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತನ್ನ ಆಯವ್ಯಯವನ್ನೂ ಹಣ ಬಟವಾಡೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ವಿಧಿಸಿದೆ. ಬಾಗಿಲು ತೆರೆದಿದೆ. ಒಳಹೊಕ್ಕು ನೋಡುವ ಶ್ರಮವು ನಮ್ಮದು.

ಹೇಗೆ ನೋಡಬೇಕು? ಇಡೀ ಇಲಾಖೆಯ ಲೆಕ್ಕವನ್ನು ಒಮ್ಮೆಲೇ ಹಿಡಿಯ ಹೊರಟವನಿಗೆ ದಿಕ್ಕು ತೋಚದು. ಒಂದೇ ಕೆಲಸವನ್ನು ಹಿಡಿಯಬೇಕು. ಊರ ಶಾಲೆಗೆ ಎರಡು ಕೋಣೆಗಳು ಮಂಜೂರಾದವೆನ್ನಿರಿ. ಮೊದಲು ಅಂದಾಜು ಪತ್ರಿಕೆಯನ್ನು ನೋಡಬೇಕು. ಅದರಲ್ಲಿನ ದರವು ಇಲಾಖೆಯ ದರಪಟ್ಟಿಗೆ ಹೊಂದುವುದೋ ಇಲ್ಲವೋ ಎಂದು ತಾಳೆಹಾಕಬೇಕು. ಬಳಿಕ ಟೆಂಡರು ಪ್ರಕಟಣೆ: ಅದು ಎಂದು ಹೊರಟಿತು, ಎಷ್ಟು ದಿನಗಳ ಅವಕಾಶವಿತ್ತು, ಎಷ್ಟು ಮಂದಿ ದರ ಹಾಕಿದರು, ತಾಂತ್ರಿಕ ಪರೀಕ್ಷೆಯಲ್ಲಿ ಯಾರನ್ನು ಯಾವ ಕಾರಣಕ್ಕೆ ಹೊರಗಿಟ್ಟರು? ಆಮೇಲೆ ಕರಾರು ಪತ್ರ ಮತ್ತು ಕಾರ್ಯಾದೇಶ: ಎಷ್ಟು ತಿಂಗಳಲ್ಲಿ ಮುಗಿಯಬೇಕು, ತಡವಾದರೆ ದಂಡವೆಷ್ಟು, ಕಟ್ಟಡವು ಸೋರಿದರೆ ಎಷ್ಟು ವರ್ಷಗಳವರೆಗೆ ಗುತ್ತಿಗೆದಾರನೇ ದುರಸ್ತಿ ಮಾಡಿಕೊಡಬೇಕು? ಕಡೆಗೆ ಅಳತೆ ಪುಸ್ತಕ ಮತ್ತು ಬಿಲ್ಲು. ಅಳತೆ ಪುಸ್ತಕದಲ್ಲಿ ಬರೆದ ಗೋಡೆಯ ಉದ್ದವನ್ನು ಟೇಪು ಹಿಡಿದು ಶಾಲೆಯ ಗೋಡೆಯ ಮೇಲೆಯೇ ಪರೀಕ್ಷಿಸಬಹುದು. ಇದಕ್ಕೆ ಇಂಜಿನಿಯರಿಕೆ ಬೇಡ. ಐದನೆಯ ಇಯತ್ತೆಯ ಗಣಿತವು ಸಾಕು.

ಕೆಲಸದ ಬಳಿಕ ಕೆಲಸ ಕೊಂಡವರನ್ನು ನೋಡಬೇಕು. ಒಂದು ಕಚೇರಿಯು ಮೂರು ವರ್ಷಗಳಲ್ಲಿ ಮಾಡಿದ ಪಾವತಿಗಳನ್ನು ಹೆಸರಿನ ಪ್ರಕಾರ ಒಂದು ಕಾಗದದ ಮೇಲೆ ಬರೆದರೆ, ಬಿಡಿ ಬಿಲ್ಲುಗಳಲ್ಲಿ ಕಾಣದ ಸಂಗತಿಯು ಎದ್ದು ಕಾಣುವುದು. ಒಬ್ಬನಿಗೇ ಹೆಚ್ಚಿನ ಪಾಲು ಸಂದಿದೆಯೇ? ಅವವೇ ಮೂರು ಹೆಸರುಗಳು ಸರದಿಯಂತೆ ಗೆಲ್ಲುತ್ತಿವೆಯೇ? ಟೆಂಡರುಗಳಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಅಧಿನಿಯಮದ 3ನೆಯ ಕಲಮು ನಿಷೇಧಿಸಿದೆ. ಕೆಲಸವನ್ನು ಚೂರು ಮಾಡಿದ್ದಾರೆಯೇ? ಟೆಂಡರಿಲ್ಲದೆ ಕೊಡಬಹುದಾದ ಮಿತಿಯು 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿರಿ. 19 ಲಕ್ಷದ ಒಂದು ರಸ್ತೆಯನ್ನು 4,75,000 ರೂಪಾಯಿಗಳ ನಾಲ್ಕು ತುಂಡು ಮಾಡಿದರೆ ನಾಲ್ಕೂ ಮಿತಿಯೊಳಗೆ ಬರುವವು, ರಸ್ತೆ ಮಾತ್ರ ಒಂದೇ! ಸಂಸ್ಥೆಯ ಹಿಂದಿರುವವರು ಯಾರೆಂಬುದೂ ಗುಟ್ಟಲ್ಲ. 1932ರ ಪಾಲುದಾರಿಕೆ ಅಧಿನಿಯಮದ ಮೇರೆಗೆ ನೋಂದಣಿ ಪುಸ್ತಕವನ್ನು ಶುಲ್ಕ ಕೊಟ್ಟು ಯಾರೂ ನೋಡಬಹುದು. ಪುರಸಭೆಯ ಗುತ್ತಿಗೆಯಲ್ಲಿ ತಾನಾಗಲಿ ತನ್ನ ಪಾಲುದಾರನ ಮೂಲಕವಾಗಲಿ ಹಿತಾಸಕ್ತಿಯುಳ್ಳವನು ಸದಸ್ಯನಾಗಿರಲು ಅನರ್ಹನೆಂಬುದು 1964ರ ಪುರಸಭೆಗಳ ಅಧಿನಿಯಮದಲ್ಲಿಯೇ ಇದೆ. ಬೇಲಿಯೇ ಎದ್ದು ಹೊಲ ಮೇಯದಂತೆ ಕಾಯದೆಯು ಮಾಡಿದ ಕಟ್ಟು ಇದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಬ್ಬನಿಗೇ ಹಲವು ಕೆಲಸಗಳು ದೊರೆತ ಮಾತ್ರಕ್ಕೆ ಅನ್ಯಾಯವಾಯಿತೆಂದು ಕೂಗುವುದು ಅವಿವೇಕ. ದೂರದ ತಾಲೂಕಿನಲ್ಲಿ ಯಂತ್ರಸಾಮಗ್ರಿಯುಳ್ಳವನು ಒಬ್ಬನೇ ಇರಬಹುದು. ಪ್ರವಾಹದ ಕಾಲದಲ್ಲಿ ಟೆಂಡರಿನ ಅವಧಿಯನ್ನು ಕಾಯ್ದು ಕುಳ್ಳಿರಲು ಸಾಧ್ಯವಿಲ್ಲ. ಅತಿ ಕಡಿಮೆ ದರವೇ ಕೆಲವೊಮ್ಮೆ ಕಳಪೆ ಕೆಲಸದ ಮೂಲವಾಗುವುದು. ಲೆಕ್ಕವು ಪ್ರಶ್ನೆಯನ್ನು ಹುಟ್ಟಿಸುವುದೇ ಹೊರತು ತೀರ್ಪನ್ನು ಕೊಡುವುದಿಲ್ಲ. ಕೇಳದೆ ದೂಷಿಸುವವನಿಂದ ಪ್ರಾಮಾಣಿಕ ಅಧಿಕಾರಿಗೂ ಪ್ರಾಮಾಣಿಕ ಗುತ್ತಿಗೆದಾರನಿಗೂ ಆಗುವ ನೋವು ಅಲ್ಪವಲ್ಲ. ಮೋಸಗಾರನು ದರ ಕಡಿಮೆ ಹಾಕಿ, ಸಿಮೆಂಟು ಕಡಿಮೆ ಮಾಡಿ ಗೆಲ್ಲುವಾಗ ಮೊದಲು ಹಾಳಾಗುವವನು ನೆಟ್ಟಗೆ ಕೆಲಸ ಮಾಡುವ ಗುತ್ತಿಗೆದಾರನೇ. ಜನರ ಕಣ್ಣು ಲೆಕ್ಕದ ಮೇಲಿದ್ದರೆ ಅವನಿಗೇ ಲಾಭ.

ಇದು ಬರಿಯ ಪುಸ್ತಕದ ಬದನೆಕಾಯಿ ಎನ್ನುವವರು ರಾಜಸ್ಥಾನದ ಕಡೆಗೆ ನೋಡಬೇಕು. ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ 1994ರ ದಶಂಬರ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಜನರ ಮುಂದೆ ಕಾಮಗಾರಿಗಳ ಲೆಕ್ಕವನ್ನು ಗಟ್ಟಿಯಾಗಿ ಓದಿಸಿತು. ಇಂಥ ಸಭೆಗಳಲ್ಲಿ ಕೆಲಸ ಮಾಡದವರ ಹೆಸರುಗಳು ಹಾಜರಿ ಪಟ್ಟಿಯಿಂದಲೂ, ಬಾರದ ಸಾಮಾನಿನ ಬಿಲ್ಲುಗಳು ಕಡತದಿಂದಲೂ ಹೊರಬಿದ್ದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಲೆಕ್ಕದ ನಕಲು ಕೊಡಿರೆಂದು ಜನರು 40 ದಿನ ಧರಣಿ ಕುಳಿತರು. 2000ದಲ್ಲಿ ರಾಜಸ್ಥಾನವೂ ಕರ್ನಾಟಕವೂ ತಮ್ಮ ತಮ್ಮ ಮಾಹಿತಿ ಹಕ್ಕಿನ ಕಾಯದೆಗಳನ್ನು ಮಾಡಿದವು. 2005ರ ಕಾಯದೆಯು ದೇಶಕ್ಕೆಲ್ಲ ಬಂದಿತು. ಆ ಸಭೆಗಳಲ್ಲಿ ಕುಳಿತವರಲ್ಲಿ ಅಕ್ಷರ ಬಾರದವರೇ ಬಹು ಮಂದಿ. ಅಕ್ಷರವಂತರಾದ ನಾವು ಅವರಿಗಿಂತ ಕಡಿಮೆ ಮಾಡಬಹುದೇ?

ಅಡ್ಡಿಗಳಿಲ್ಲವೆಂದಲ್ಲ. ವ್ಯಾಪಾರದ ಗುಟ್ಟೆಂದು 8ನೆಯ ಕಲಮನ್ನು ತೋರಿಸುವವರುಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅದೇ ಕಲಮಿನ ವೈಯಕ್ತಿಕ ಮಾಹಿತಿಯ ಖಂಡವನ್ನು ಬಿಗಿಗೊಳಿಸಿರುವುದರಿಂದ, ಹಣ ಪಡೆದವನ ಹೆಸರೂ ವೈಯಕ್ತಿಕವೆನ್ನುವ ಕಾಲ ಬಂದರೆ ಆಶ್ಚರ್ಯವಿಲ್ಲ. ಆದರೆ ಸಾರ್ವಜನಿಕ ಹಿತವು ಹೆಚ್ಚಿನದಾದಲ್ಲಿ ಮಾಹಿತಿ ಕೊಡಬಹುದೆಂಬ ಎರಡನೆಯ ಉಪಕಲಮು ಉಳಿದಿದೆ. ಅದನ್ನು ಬಳಸಿ ಉಳಿಸಿಕೊಳ್ಳಬೇಕು. ಕರ್ನಾಟಕದ ನಿಯಮಗಳ ಮೇರೆಗೆ ಅರ್ಜಿಯು ಒಂದೇ ವಿಷಯಕ್ಕೆ ಸೇರಿ ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಆದ್ದರಿಂದ ದೂರು ಬರೆಯದೆ ದಾಖಲೆಯ ಹೆಸರನ್ನೇ ಬರೆಯಿರಿ: ಇಂಥ ಕೆಲಸದ ಅಂದಾಜು, ಕರಾರು, ಅಳತೆ ಪುಸ್ತಕ, ಬಿಲ್ಲು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೆಲಸವನ್ನು ಪ್ರತ್ಯಕ್ಷ ನೋಡುವ ಹಕ್ಕೂ ಸಾಮಗ್ರಿಯ ಪ್ರಮಾಣಿತ ಮಾದರಿಯನ್ನು ಪಡೆಯುವ ಹಕ್ಕೂ ಆ ಕಾಯದೆಯಲ್ಲಿಯೇ ಇವೆ.

ಇನ್ನೊಂದು ಅಡ್ಡಿಯು ಭಾಷೆಯದು. 1963ರ ಅಧಿನಿಯಮದಿಂದ ಕನ್ನಡವು ಆಡಳಿತ ಭಾಷೆಯಾಯಿತು. ಆದರೂ ಟೆಂಡರಿನ ಷರತ್ತುಗಳೂ ಕರಾರುಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವವು. ಕೊಡುವ ಹಣ ಕನ್ನಡಿಗರದು, ಲೆಕ್ಕ ಕನ್ನಡಿಗರಿಗೆ ತಿಳಿಯದ ಮಾತಿನಲ್ಲಿ! ಪ್ರತಿಯೊಂದು ಕರಾರಿನ ಸಾರಾಂಶವನ್ನು, ಗುತ್ತಿಗೆದಾರನ ಹೆಸರು, ಮೊತ್ತ, ಅವಧಿ, ಹೊಣೆಗಳೊಡನೆ ಕನ್ನಡದಲ್ಲಿ ಬರೆದು ಕೆಲಸದ ಸ್ಥಳದಲ್ಲಿಯೂ ಕಚೇರಿಯ ಗೋಡೆಯ ಮೇಲೆಯೂ ಹಾಕಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ. ಇದಕ್ಕೆ ಹೊಸ ಕಾಯದೆ ಬೇಡ, ಮನಸ್ಸು ಬೇಕು.

ಆದರೆ ಸರಕಾರದ ಮನಸ್ಸು ತಿರುಗುವವರೆಗೆ ನಾವು ಕೈಕಟ್ಟಿ ಕೂಡಬೇಕಾದುದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಒಬ್ಬ ವಕೀಲ, ಇಬ್ಬರು ನಿವೃತ್ತ ಉಪಾಧ್ಯಾಯರು, ಲೆಕ್ಕ ಬಲ್ಲ ಒಬ್ಬ ವರ್ತಕ ಇದ್ದೇ ಇರುವರು. ವರ್ಷಕ್ಕೆ ಒಂದು ಕೆಲಸದ ಕಾಗದಗಳನ್ನು ತರಿಸಿ, ವಾಚನಾಲಯದಲ್ಲಿ ನಾಲ್ಕು ಜನರ ಮುಂದೆ ಕನ್ನಡದಲ್ಲಿ ಓದಲಿ. ಸ್ವರಾಜ್ಯವೆಂದರೆ ಐದು ವರ್ಷಕ್ಕೊಮ್ಮೆ ಮತ ಹಾಕುವುದಷ್ಟೇ ಅಲ್ಲ. ಹಾಕಿದ ಹಣವು ಎಲ್ಲಿ ಹೋಯಿತೆಂದು ಕೇಳುವ ಧೈರ್ಯವೂ ಅದರಲ್ಲಿ ಸೇರಿದೆ. ಕೇಳುವವರಿಲ್ಲದ ಊರಿನಲ್ಲಿ ಶಾಲೆಯ ಮಾಳಿಗೆ ಸೋರುವುದು, ಕೆಳಗೆ ಕುಳಿತು ನೆನೆಯುವವರು ನಮ್ಮ ಮಕ್ಕಳೇ.