ಸೂರ್ಯಕಾಂತಿಯ ಲೆಕ್ಕ ಮತ್ತು ನಮ್ಮ ನೆಲ

ನಿಸರ್ಗದ ಚೆಲುವನ್ನು ಕಂಡು ಬೆರಗಾಗುವ ನಾವು ಅದರ ಮಿತವ್ಯಯವನ್ನು ಗಮನಿಸುವುದು ವಿರಳ. ಮಾಗಿದ ಸೂರ್ಯಕಾಂತಿಯ ಹೂದಲೆಯಲ್ಲಿ ಬೀಜಗಳ ಸುರುಳಿಗಳನ್ನು ಎಣಿಸಿದರೆ, ಒಂದು ದಿಕ್ಕಿಗೆ ಸುತ್ತುವವು 34 ಇದ್ದಲ್ಲಿ ಇನ್ನೊಂದು ದಿಕ್ಕಿಗೆ ಸುತ್ತುವವು 55 ಇರುವುದು ಸಾಮಾನ್ಯ. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ 1, 2, 3, 5, 8, 13 ಎಂಬ ಶ್ರೇಣಿಗೆ ಸೇರಿದ ಸಂಖ್ಯೆಗಳಿವು. ಇಟಲಿಯ ಫಿಬೊನಾಚಿಯು 1202ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಅದಕ್ಕೂ ಮುನ್ನವೇ ನಮ್ಮ ದೇಶದ ಛಂದಃಶಾಸ್ತ್ರಜ್ಞರು ಲಘು-ಗುರುಗಳ ಜೋಡಣೆಯ ಬಗೆಗಳನ್ನು ಎಣಿಸುತ್ತ ಇದೇ ಶ್ರೇಣಿಯನ್ನು ಕಂಡುಕೊಂಡಿದ್ದರು.

ಹಾಗಾದರೆ ಗಿಡಕ್ಕೆ ಗಣಿತ ತಿಳಿದಿದೆಯೇ? ತಿಳಿದಿರಬೇಕಾದ ಅಗತ್ಯವೇ ಇಲ್ಲ. ಬೆಳೆಯುವ ತುದಿಯಲ್ಲಿ ಮೂಡುವ ಪ್ರತಿಯೊಂದು ಹೊಸ ಅಂಕುರವೂ ಮೊದಲು ಮೂಡಿದವುಗಳಿಂದ ಸರಿದು, ಹೆಚ್ಚು ತೆರವಿರುವ ಕಡೆ ನೆಲೆಗೊಳ್ಳುತ್ತದೆ. ಇದರಿಂದ ಒಂದಕ್ಕೂ ಮುಂದಿನದಕ್ಕೂ ನಡುವೆ ಸುಮಾರು 137.5 ಡಿಗ್ರಿಗಳ ಕೋನ ಏರ್ಪಡುತ್ತದೆ. ಅದು 120 ಡಿಗ್ರಿಯಾಗಿದ್ದರೆ ಬೀಜಗಳು ಮೂರೇ ಸಾಲುಗಳಲ್ಲಿ ನಿಂತು ನಡುವಿನ ಸ್ಥಳವೆಲ್ಲ ಬರಿದಾಗುತ್ತಿತ್ತು. 1992ರಲ್ಲಿ ಫ್ರಾನ್ಸಿನ ದುವಾಡಿ ಮತ್ತು ಕುದೇರ್ ಎಂಬ ಭೌತವಿಜ್ಞಾನಿಗಳು ಪರಸ್ಪರ ವಿಕರ್ಷಿಸುವ ಕಾಂತೀಯ ದ್ರವದ ಹನಿಗಳನ್ನು ಒಂದೊಂದಾಗಿ ಬೀಳಿಸಿ, ಜೀವವಿಲ್ಲದ ಆ ಹನಿಗಳಲ್ಲಿಯೂ ಇಂಥದೇ ಸುರುಳಿಗಳು ಮೂಡುವುದನ್ನು ತೋರಿಸಿದರು.

ಈ ಅರಿವಿನಿಂದ ಮನುಷ್ಯನಿಗೆ ಪ್ರಯೋಜನವೂ ಉಂಟು. ಸ್ಪೇನಿನ ಸೆವಿಲ್ ನಗರದ ಬಳಿ 2007ರಲ್ಲಿ ಆರಂಭವಾದ ಪಿಎಸ್10 ಸೌರ ಸ್ಥಾವರದಲ್ಲಿ 624 ಕನ್ನಡಿಗಳು ಬಿಸಿಲನ್ನು ಒಂದು ಗೋಪುರದ ಮೇಲಕ್ಕೆ ಪ್ರತಿಫಲಿಸುವಂತೆ ನಿಲ್ಲಿಸಲಾಗಿತ್ತು. ಒಂದರ ನೆರಳು ಇನ್ನೊಂದರ ಮೇಲೆ ಬೀಳದಿರಲು ಅಂತರ ಬೇಕು. ಅಂತರ ಹೆಚ್ಚಿದಷ್ಟೂ ಭೂಮಿ ಹೆಚ್ಚು ಬೇಕು. ಅಮೆರಿಕದ ಎಂಐಟಿ ಮತ್ತು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಸಂಶೋಧಕರು ಅವೇ ಕನ್ನಡಿಗಳನ್ನು ಸೂರ್ಯಕಾಂತಿಯ ಸುರುಳಿಯಂತೆ ನಿಲ್ಲಿಸಿದರೆ ಏನಾದೀತೆಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಕ್ಷತೆಯಲ್ಲಿ ಆಗುವ ಹೆಚ್ಚಳ ಶೇಕಡಾ ಅರ್ಧಾಂಶಕ್ಕಿಂತಲೂ ಕಡಿಮೆ. ಆದರೆ ಬೇಕಾಗುವ ಭೂಮಿಯಲ್ಲಿ ಶೇಕಡಾ 15.8ರಷ್ಟು ಉಳಿತಾಯ!

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಈ ಸಂಖ್ಯೆಗಳಿಗೆ ಮಾಂತ್ರಿಕ ಶಕ್ತಿಯನ್ನು ಆರೋಪಿಸಿ, ಎಲ್ಲ ಕಟ್ಟಡಗಳಿಗೂ ಎಲ್ಲ ವಸ್ತುಗಳಿಗೂ ಅವನ್ನು ಅಂಟಿಸುವ ಚಾಳಿ ಹಬ್ಬಿದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕರ ನೆರವಿನಿಂದ 657 ಸೂರ್ಯಕಾಂತಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಲ್ಲಿ ಸುಮಾರು ಒಂದು ಹೂವು ಈ ಸರಳ ಶ್ರೇಣಿಗೆ ಒಳಪಟ್ಟಿರಲಿಲ್ಲ. ಹೂವೇ ಸಂಖ್ಯೆಗೆ ದಾಸನಾಗದಿರುವಾಗ ನಾವೇಕೆ ಆಗಬೇಕು? ಗಿಡದಿಂದ ಕಲಿಯಬೇಕಾದದ್ದು ಅದರ ನಿಯಮವನ್ನು. ಆಕಾರವು ಆ ನಿಯಮದ ಫಲ ಮಾತ್ರ.

ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವು ಸುಮಾರು 13,000 ಎಕರೆಗಳಲ್ಲಿ ಹರಡಿದೆ. ರೈತರು ಗುತ್ತಿಗೆಗೆ ಕೊಟ್ಟ ಭೂಮಿಯದು. ಅಲ್ಲಿರುವುದು ಕನ್ನಡಿಗಳಲ್ಲ, ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸುವ ಫಲಕಗಳು. ಅವನ್ನು ಸುರುಳಿಯಾಗಿ ನಿಲ್ಲಿಸಿದ ಮಾತ್ರಕ್ಕೆ ಲಾಭವಾಗದು. ಆದರೆ ಸೂರ್ಯಕಾಂತಿ ಕೇಳಿಸುವ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ: ಇದಕ್ಕಿಂತ ಕಡಿಮೆ ನೆಲದಲ್ಲಿ ಇದೇ ಕೆಲಸ ಸಾಧ್ಯವಿಲ್ಲವೇ? ಉಳಿಯುವ ಪ್ರತಿ ಎಕರೆಯೂ ಒಂದು ಕುಟುಂಬದ ಹೊಲ, ಒಂದು ಹಿಂಡಿನ ಮೇವು. ಬಿಸಿಲಿನ ವಿದ್ಯುತ್ತು ಶುದ್ಧವಾದದ್ದೆಂಬ ಕಾರಣಕ್ಕೆ ನೆಲದ ಲೆಕ್ಕವನ್ನು ಕೇಳದಿರುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಆತ್ಮೀಯರೇ, ಮನೆ ಕಟ್ಟುವಾಗಲೂ ತೋಟದಲ್ಲಿ ಸಸಿ ನೆಡುವಾಗಲೂ ಈ ವಿಚಾರ ನಮ್ಮ ಮುಂದಿರಲಿ. ನಮ್ಮ ಗೋಡೆ ನೆರೆಯವರ ಗಾಳಿ-ಬೆಳಕನ್ನು ತಡೆಯುವುದೇ? ನಮಗೆ ಬೇಕಾದುದಕ್ಕಿಂತ ಹೆಚ್ಚು ನೆಲವನ್ನು ನಾವು ಮುಚ್ಚುತ್ತಿದ್ದೇವೆಯೇ? ಮೊದಲೇ ಇರುವವರಿಗೆ ಎಡೆಕೊಟ್ಟು ನೆಲೆನಿಲ್ಲುವ ರೀತಿಯನ್ನು ನಮ್ಮ ಮಕ್ಕಳಿಗೆ ಹಿತ್ತಲಿನ ಗಿಡದ ಮುಂದೆ ನಿಲ್ಲಿಸಿಯೇ ಕಲಿಸೋಣ.