ಹಿಟ್ಟಿನ ಕೋಳಿಯೂ ಏರ್‌ಗನ್ ಪರೀಕ್ಷೆಯೂ

ಏರ್‌ಗನ್ನಿನ ಬಲವನ್ನೂ ಗುರಿಯ ನಿಖರತೆಯನ್ನೂ ಪರೀಕ್ಷಿಸುವುದು ನಿರುಪದ್ರವಿಯಾದ ಹವ್ಯಾಸವೆಂಬ ಮಾತು ಸುಶಿಕ್ಷಿತ ಶ್ರಾವಕ ಕುಟುಂಬಗಳಲ್ಲಿಯೂ ಕೇಳಿಬರತೊಡಗಿದೆ. ಹಕ್ಕಿಗೆ ಗುರಿಯಿಡುತ್ತಿಲ್ಲ, ಪ್ರಾಣಿಯನ್ನು ಕೊಲ್ಲುತ್ತಿಲ್ಲ; ಕಾಗದ, ಡಬ್ಬಿ, ಹಲಗೆಗಳಿಗೆ ಹೊಡೆದು ಯಂತ್ರದ ಸಾಮರ್ಥ್ಯವನ್ನು ಅಳೆಯಲಾಗುತ್ತಿದೆ; ಇದರಲ್ಲಿ ಹಿಂಸೆಯೆಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಕೇಳುವವರು ಪ್ರಾಮಾಣಿಕರೇ ಇರಬಹುದು. ಆದರೆ ಅಳತೆಯೆಂಬುದು ಯಾವಾಗಲೂ ಮತ್ತೊಂದು ಕಾರ್ಯಕ್ಕೆ ಪೂರ್ವಸಿದ್ಧತೆ. ಬಟ್ಟೆಯನ್ನು ಅಳೆಯುವವನು ಉಡುಪಿಗಾಗಿ ಅಳೆಯುತ್ತಾನೆ, ಧಾನ್ಯವನ್ನು ಅಳೆಯುವವನು ಊಟಕ್ಕೋ ಮಾರಾಟಕ್ಕೋ ಅಳೆಯುತ್ತಾನೆ. ಬಂದೂಕಿನ ಬಲವನ್ನು ಅಳೆಯುವವನು ಯಾವುದಕ್ಕಾಗಿ ಅಳೆಯುತ್ತಿದ್ದಾನೆ ಎಂಬುದನ್ನು ವಿಚಾರಿಸದೆ ಅವನನ್ನು ನಿರ್ದೋಷಿಯೆಂದು ಬಿಡುವುದು ವಿವೇಕವೆನಿಸದು.

ಮೊದಲಿಗೆ ಪರೀಕ್ಷೆಯ ಸ್ವರೂಪವನ್ನು ತಿಳಿಯಬೇಕು. ಬಂದೂಕಿನ ನಳಿಕೆಯ ಮುಂದೆ ಕ್ರೋನೋಗ್ರಾಫ್ ಎಂಬ ವೇಗಮಾಪಕವನ್ನು ಇಡುತ್ತಾರೆ. ಅದರ ಎರಡು ಬೆಳಕಿನ ಕಣ್ಣುಗಳ ನಡುವೆ ಸೀಸದ ಗುಂಡು ಹಾಯಲು ಹಿಡಿದ ಕಾಲದಿಂದ ವೇಗ ದೊರೆಯುತ್ತದೆ. ಗುಂಡಿನ ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ಶಕ್ತಿಯ ಪ್ರಮಾಣ ಜೂಲ್‌ಗಳಲ್ಲಿ ಸಿಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಈ ಲೆಕ್ಕದ ತಿರುಳು. ಬಳಿಕ 25 ಅಥವಾ 50 ಮೀಟರ್ ದೂರದಲ್ಲಿ ಕಾಗದವನ್ನಿಟ್ಟು ಐದೈದು ಗುಂಡು ಹೊಡೆದು, ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂದು ಅಳೆಯುತ್ತಾರೆ. ಹಿಂದಿನ ಸ್ಪ್ರಿಂಗ್ ಬಂದೂಕುಗಳ ಜೊತೆಗೆ ಈಗ ಸಂಪೀಡಿತ ಗಾಳಿಯ ಸಿಲಿಂಡರ್ ಹೊತ್ತ ರೈಫಲ್‌ಗಳು ಬಂದಿವೆ. ಅವುಗಳಲ್ಲಿ 200 ಬಾರ್ ಒತ್ತಡದವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೂ, ಗಾಳಿ ತುಂಬುತ್ತಾರೆ. ಕಾರಿನ ಟಯರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ ಇದರ ಪ್ರಮಾಣ ಅರಿವಾದೀತು. ಗಾಳಿಬಂದೂಕೆಂದರೆ ಜಾತ್ರೆಯ ಬಲೂನು ಒಡೆಯುವ ಆಟಿಕೆಯೆಂದು ತಿಳಿದಿರುವವರು 18ನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಸೈನ್ಯ ಗಿರಾಂಡೋನಿ ಎಂಬ ಗಾಳಿರೈಫಲನ್ನು ಯುದ್ಧಕ್ಕೆ ಬಳಸಿತ್ತೆಂಬುದನ್ನೂ ತಿಳಿಯಬೇಕು.

ಈಗ ನಿಖರತೆಯ ವಾದ. ಗುರಿ ಹಿಡಿಯುವುದು ಏಕಾಗ್ರತೆಯ ಸಾಧನೆ, ಉಸಿರಿನ ಸಂಯಮ, ಚಿತ್ತದ ಸ್ಥೈರ್ಯ ಎನ್ನುತ್ತಾರೆ. ಒಪ್ಪತಕ್ಕ ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಚಿನ್ನದ ಪದಕ ತಂದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿಯೇ. ಆ ಸ್ಪರ್ಧೆಯ ಗುರಿಹಾಳೆಯ ನಟ್ಟನಡುವಿನ ಹತ್ತು ಅಂಕದ ಬಿಂದು ಕೇವಲ ಅರ್ಧ ಮಿಲಿಮೀಟರ್ ಅಗಲದ್ದು. ಅದನ್ನು ಭೇದಿಸುವ ರೈಫಲಿನ ಶಕ್ತಿಯೆಷ್ಟು? ಏಳೆಂಟು ಜೂಲ್ ಮಾತ್ರ. ಜಗತ್ತಿನ ಅತ್ಯುನ್ನತ ನಿಖರತೆಗೆ ಇಷ್ಟು ಅಲ್ಪಶಕ್ತಿ ಸಾಕಾಗಿರುವಾಗ, ನಿಖರತೆಯ ಹೆಸರು ಹೇಳಿ 40 ಜೂಲ್, 60 ಜೂಲ್‌ಗಳ ರೈಫಲನ್ನು ಅರಸುವವನು ಏನನ್ನು ಅರಸುತ್ತಿದ್ದಾನೆ? ಚಿತ್ತಸ್ಥೈರ್ಯವನ್ನಂತೂ ಅಲ್ಲ. ಹೆಚ್ಚಿನ ಶಕ್ತಿ ಕಾಗದಕ್ಕೆ ಬೇಕಿಲ್ಲ. ಕಾಗದ ಎಷ್ಟು ಮೆಲ್ಲನೆ ತೂತಾದರೂ ತೂತೇ. ದೂರದಲ್ಲಿರುವ ದೇಹದೊಳಗೆ ಹೊಕ್ಕು ಅಲ್ಲಿ ಕೆಲಸ ಮಾಡಲು ಮಾತ್ರ ಅದು ಬೇಕು. ಈ ಕ್ಷೇತ್ರದ ತಜ್ಞರೇ ಇದನ್ನು ಮುಚ್ಚಿಡುವುದಿಲ್ಲ. ಶಬ್ದದ ವೇಗವನ್ನು ಸಮೀಪಿಸಿದರೆ ಸೀಸದ ಗುಂಡು ಅಂಕೆ ತಪ್ಪುತ್ತದೆ. ಆದುದರಿಂದ ವೇಗವನ್ನು ಸೆಕೆಂಡಿಗೆ 270 ಮೀಟರ್‌ನ ಆಸುಪಾಸಿನಲ್ಲಿರಿಸಿ ಗುಂಡಿನ ತೂಕವನ್ನೂ ಕೊಳವೆಯ ವ್ಯಾಸವನ್ನೂ ಹೆಚ್ಚಿಸುತ್ತ ಹೋಗಬೇಕೆಂಬುದು ಅವರ ಸಲಹೆ. ಹೀಗೆ ಹೆಚ್ಚಿಸುತ್ತ ಹೋದುದರ ಫಲವಾಗಿ ಇಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆಯ ಬೇಟೆಗೂ ಗಾಳಿರೈಫಲಿಗೆ ಅನುಮತಿಯಿದೆ.

ಬಲಪರೀಕ್ಷೆಯ ಸಾಮಗ್ರಿಗಳನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ಮೊದಲು ಪೈನ್ ಮರದ ಹಲಗೆ, ಆಮೇಲೆ ಸಾಬೂನಿನ ಗಟ್ಟಿ, ಕಡೆಗೆ ಜಿಲೆಟಿನ್ ಗಡ್ಡೆ. ನೂರಕ್ಕೆ ಹತ್ತು ಪಾಲು ಜಿಲೆಟಿನ್ ಬೆರೆಸಿ ನೀರಿನಲ್ಲಿ ಹೆಪ್ಪುಗಟ್ಟಿಸಿದ ಈ ಗಡ್ಡೆಯನ್ನು ಆಯ್ದುಕೊಂಡಿರುವುದಕ್ಕೆ ಒಂದೇ ಕಾರಣ: ಅದು ಮಾಂಸಖಂಡದಂತೆ ವರ್ತಿಸುತ್ತದೆ. ಗುಂಡು ಎಷ್ಟು ಆಳಕ್ಕೆ ಇಳಿಯಿತು, ಒಳಗೆ ಎಷ್ಟು ಅಗಲದ ಗಾಯವಾಯಿತು ಎಂಬುದು ಪಾರದರ್ಶಕವಾದ ಆ ಗಡ್ಡೆಯಲ್ಲಿ ಕಾಣುತ್ತದೆ. ಇನ್ನೊಂದು ಸಂಗತಿ ಶ್ರಾವಕರ ಗಮನಕ್ಕೆ ಬಾರದೆ ಹೋಗಬಾರದು. ಜಿಲೆಟಿನ್ ತಯಾರಾಗುವುದು ದನ, ಹಂದಿಗಳ ಚರ್ಮ ಮತ್ತು ಎಲುಬುಗಳಿಂದ. ಯಾವ ಪ್ರಾಣಿಗೂ ನೋವಾಗಿಲ್ಲವೆಂದು ಸಾರುವ ಪರೀಕ್ಷೆ, ಸತ್ತ ಪ್ರಾಣಿಯ ಚರ್ಮವನ್ನೇ ಕುದಿಸಿ ಮಾಂಸದ ಪ್ರತಿಕೃತಿ ಮಾಡಿ ಅದಕ್ಕೆ ಗುಂಡು ಹೊಡೆಯುತ್ತದೆ. ಸಿಹಿತಿಂಡಿಯಲ್ಲಿ ಜಿಲೆಟಿನ್ ಇದೆಯೇ ಎಂದು ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವ ಮನೆಯಲ್ಲಿ ಇದನ್ನು ಮನರಂಜನೆಯೆಂದು ನೋಡುವುದು ವಿಚಿತ್ರವಲ್ಲವೇ?

ಬ್ರಿಟನ್ನಿನಲ್ಲಿ ಬೆಳೆದ ಫೀಲ್ಡ್ ಟಾರ್ಗೆಟ್ ಎಂಬ ಕ್ರೀಡೆಯಲ್ಲಿ ಕಾಗೆ, ಮೊಲ, ಇಲಿ, ಅಳಿಲುಗಳ ಆಕಾರದ ಲೋಹದ ತಗಡುಗಳನ್ನು ನಿಲ್ಲಿಸುತ್ತಾರೆ. ತಗಡಿನಲ್ಲಿ ಒಂದು ವೃತ್ತವಿರುತ್ತದೆ. ಗುಂಡು ಅದರೊಳಗೆ ಹಾಯ್ದರೆ ಆಕೃತಿ ಹಿಂದಕ್ಕೆ ಉರುಳುತ್ತದೆ. ಆ ವೃತ್ತಕ್ಕೆ ಆಟಗಾರರು ಇಟ್ಟಿರುವ ಹೆಸರೇ ‘ಕೊಲೆಯ ವಲಯ’ ಎಂಬರ್ಥದ್ದು. ಜನ್ನನ ಯಶೋಧರ ಚರಿತೆಯನ್ನು ಬಲ್ಲ ಕನ್ನಡ ಜೈನರಿಗೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಕೇ? ಯಶೋಧರ ಜೀವವಧೆಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ರಕ್ತ ಹರಿಯಲಿಲ್ಲ. ಆದರೂ ತಾಯಿಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮುಂದೆಯೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಿಟ್ಟು ನೊಂದಿತೆಂದು ಕವಿ ಹೇಳುತ್ತಿಲ್ಲ. ಕತ್ತಿ ಎತ್ತಿದಾಗ ಮನಸ್ಸಿನಲ್ಲಿದ್ದದ್ದು ಕೋಳಿಯೇ ಹೊರತು ಹಿಟ್ಟಲ್ಲ. ಸಂಕಲ್ಪಹಿಂಸೆ ಅಲ್ಲಿಗೇ ಪೂರ್ಣವಾಯಿತು. ತಗಡಿನ ಕಾಗೆಯನ್ನು ಉರುಳಿಸಿ ಹಿಗ್ಗುವವನ ಮನಸ್ಸಿನಲ್ಲಿರುವುದು ತಗಡೇ?

ಇದಕ್ಕೆ ಪ್ರತಿಯಾಗಿ ಕಾನೂನಿನ ಆಸರೆ ಪಡೆಯುವವರಿದ್ದಾರೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸವನ್ನಾಗಲಿ 20 ಜೂಲ್ ಶಕ್ತಿಯನ್ನಾಗಲಿ ಮೀರಿದ ಏರ್‌ಗನ್ನುಗಳಿಗೆ ಪರವಾನಗಿ ಬೇಕು, ಮೀರದವುಗಳಿಗೆ ಬೇಕಿಲ್ಲ. ಹೀಗಾಗಿ ಮನೆಯಲ್ಲಿ ವೇಗಮಾಪಕವಿಟ್ಟು ಪರೀಕ್ಷಿಸುವ ಹುಡುಗನ ಹಂಬಲ ಬಹುಮಟ್ಟಿಗೆ ಆ 20ರ ಅಂಚಿಗೆ ಎಷ್ಟು ಹತ್ತಿರ ಹೋಗಬಹುದೆಂಬುದೇ ಆಗಿರುತ್ತದೆ. ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುವ ಗುಂಡು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೊರಟರೆ ಸರಿಸುಮಾರು 20 ಜೂಲ್ ಆಗುತ್ತದೆ. ಅದೇ ಗುಂಡು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿಯೇ ಮನುಷ್ಯನ ಚರ್ಮವನ್ನು ಭೇದಿಸಬಲ್ಲದೆಂದು ವಿಧಿವಿಜ್ಞಾನ ಹೇಳುತ್ತದೆ. ಜರ್ಮನಿ ತನ್ನ ಮುಕ್ತ ಮಿತಿಯನ್ನು 7.5 ಜೂಲಿಗೇ ನಿಲ್ಲಿಸಿದೆ. 2005ರಲ್ಲಿ ಗ್ಲಾಸ್ಗೋ ನಗರದಲ್ಲಿ ಎರಡು ವರ್ಷದ ಮಗುವೊಂದು ಏರ್‌ಗನ್ ಗುಂಡಿಗೆ ಬಲಿಯಾಯಿತು; ಬಹುಕಾಲ ನಡೆದ ಚರ್ಚೆಯ ನಂತರ 2016ರ ಡಿಸೆಂಬರ್ 31ರಿಂದ ಸ್ಕಾಟ್ಲೆಂಡಿನಲ್ಲಿ ಏರ್‌ಗನ್ ಇಟ್ಟುಕೊಳ್ಳಲು ಪರವಾನಗಿ ಕಡ್ಡಾಯವಾಯಿತು. ಮಗುವಿನ ಗತಿಯೇ ಹೀಗಾದರೆ, ಮೂವತ್ತು ಗ್ರಾಮ್ ತೂಗದ ಗುಬ್ಬಚ್ಚಿಯ ಪಾಡೇನು? ಎಷ್ಟೋ ಹಕ್ಕಿಗಳು ಕೂಡಲೇ ಸಾಯುವುದೂ ಇಲ್ಲ. ಸೀಸವನ್ನು ಮೈಯಲ್ಲಿ ಹೊತ್ತು, ರೆಕ್ಕೆ ಮುರಿದು, ಹೊಡೆದವನ ಕಣ್ಣಿಗೆ ಬೀಳದ ಪೊದೆಯಲ್ಲಿ ದಿನಗಟ್ಟಲೆ ನರಳುತ್ತವೆ.

ಕಾನೂನು ಬಿಟ್ಟದ್ದನ್ನು ವ್ರತವೂ ಬಿಟ್ಟಿದೆಯೆಂದು ಭಾವಿಸುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಈ ಹವ್ಯಾಸ ಐದನ್ನೂ ಮುಟ್ಟುತ್ತದೆಯೆಂದರೆ ಅತಿಶಯೋಕ್ತಿಯಲ್ಲ. ಹುಟ್ಟುಹಬ್ಬಕ್ಕೆ ಸೋದರಮಾವ ಏರ್‌ಗನ್ ಕೊಡಿಸಿದರೆ ಅದು ಹಿಂಸಾದಾನ. ಯಾವ ದೂರದಿಂದ ಯಾವ ಗುಂಡು ಎಷ್ಟು ಆಳಕ್ಕೆ ಹೊಗುವುದೆಂದು ಮಲಗುವಾಗಲೂ ಯೋಚಿಸುವುದು ಅಪಧ್ಯಾನ. ಫೋನಿನಲ್ಲಿ ಇಂಥ ಪರೀಕ್ಷೆಗಳ ಚಿತ್ರಗಳನ್ನು ಒಂದರ ಮೇಲೊಂದು ನೋಡುವುದು ದುಃಶ್ರುತಿಯ ಇಂದಿನ ರೂಪ. ಮೊದಲನೆಯದರಲ್ಲಿ ಡಬ್ಬಿ ಉರುಳುತ್ತದೆ, ನಾಲ್ಕನೆಯದರಲ್ಲಿ ಪಾರಿವಾಳ. ಅನರ್ಥದಂಡ ಎಂಬ ಹೆಸರಿನಲ್ಲಿಯೇ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪ ಎಂಬ ಅರ್ಥವಿದೆ. ಕೃಷಿಕನ ಆರಂಭಹಿಂಸೆಗೆ, ಕುಟುಂಬವನ್ನು ರಕ್ಷಿಸುವವನ ವಿರೋಧಿಹಿಂಸೆಗೆ ಶಾಸ್ತ್ರ ತೋರಿದ ಮೃದುತ್ವ ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಇಲ್ಲಿ ಬೆಳೆಯೂ ಇಲ್ಲ, ಶತ್ರುವೂ ಇಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ಜೀವದಯೆಯೆಂದು ಪ್ರಾಂಗಣದಲ್ಲಿ ಕಾಳು ಚೆಲ್ಲಿಸಿ, ಪಾರಿವಾಳಗಳು ಹೆಚ್ಚಿ ಶಿಖರವೂ ಮಾನಸ್ತಂಭವೂ ಹೊಲಸಾದ ಮೇಲೆ, ಸದ್ದಿಲ್ಲದೆ ಹೊಡೆಯುವ ಏರ್‌ಗನ್ನಿನವನನ್ನು ಕರೆಸಿದರೇನು ಎಂಬ ಸಲಹೆ ಸಭೆಯ ಮುಂದೆ ಬಂದರೆ, ಅದನ್ನು ನಿರ್ವಹಣೆಯ ಖರ್ಚಿನ ವಿಷಯವೆಂಬಂತೆ ಚರ್ಚಿಸಬಾರದು. ‘ಹೆದರಿಸಲು ಮಾತ್ರ’ ಎಂಬ ಮಾತನ್ನಂತೂ ನಂಬಲೇಬಾರದು. ಸದ್ದಿಲ್ಲದ ಬಂದೂಕು ಹೆದರಿಸುವುದಾದರೂ ಹೇಗೆ? ತಪ್ಪಿದ ಗುಂಡು ಶತಮಾನಗಳ ಶಿಲ್ಪದ ಮೂಗನ್ನು ಕೆತ್ತಿಹಾಕಬಹುದೆಂಬುದು ಬೇರೆ ಮಾತು. ಕಾಳನ್ನು ನಿಲ್ಲಿಸುವುದು, ಗೂಡು ಕಟ್ಟುವ ಮುನ್ನವೇ ಸಂದುಗಳಿಗೆ ಬಲೆ ಹಾಕುವುದು, ಕೂರುವ ಅಂಚುಗಳನ್ನು ಇಳಿಜಾರಾಗಿಸುವುದು ಇವೇ ತಕ್ಕ ಉಪಾಯಗಳು. ಇವುಗಳಿಗೆ ಹಣವೂ ತಾಳ್ಮೆಯೂ ಬೇಕು. ಬೇಕಾದರೆ ಬೇಕು.

ಜೈನರಲ್ಲದವರು ಈ ವಿಷಯದಲ್ಲಿ ಜೈನರಿಗಿಂತ ಮುಂದೆ ಹೋಗಿರುವುದನ್ನು ಸಂಕೋಚದಿಂದಲಾದರೂ ಹೇಳಬೇಕಾಗಿದೆ. ಅರುಣಾಚಲ ಪ್ರದೇಶದ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಗ್ರಾಮದಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಅಂದು ಗ್ರಾಮಸ್ಥರು 46 ಏರ್‌ಗನ್ನುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಮುಂದೆ ರಾಜ್ಯದಾದ್ಯಂತ ಈ ಸಂಖ್ಯೆ 2,000ವನ್ನು ದಾಟಿತು. ಕೊಟ್ಟವರಲ್ಲಿ ಅನೇಕರಿಗೆ ಬೇಟೆ ಹಿರಿಯರಿಂದ ಬಂದ ರೂಢಿ, ಹಕ್ಕಿಯ ಮಾಂಸ ಮನೆಯ ಊಟ. ಅವರು ಬಿಟ್ಟುಕೊಟ್ಟದ್ದು ಹವ್ಯಾಸವನ್ನಲ್ಲ.

ಇಲ್ಲಿನ ಬಸದಿಗಳೂ ಬರುವ ದಶಲಕ್ಷಣ ಪರ್ವದಲ್ಲಿ ಇಂಥದೊಂದು ಕಾರ್ಯಕ್ಕೆ ಕೈಹಾಕಬಹುದು. ಅಟ್ಟದ ಮೇಲೆಯೋ ಬೀರುವಿನ ಹಿಂದೆಯೋ ಇಟ್ಟ ಏರ್‌ಗನ್ನುಗಳನ್ನು ಹೆಸರು ಬರೆಸದೆ ತಂದು ಒಪ್ಪಿಸಲು ಕುಟುಂಬಗಳಿಗೆ ಒಂದು ದಿನವನ್ನು ಗೊತ್ತುಪಡಿಸಿ, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿಡಬೇಕು. ಪರವಾನಗಿ ಬೇಕಾದ ಬಗೆಯವನ್ನು ಮಾಲೀಕರೇ ನೇರವಾಗಿ ಠಾಣೆಗೆ ಒಪ್ಪಿಸಲಿ. ಉಳಿದವುಗಳ ನಳಿಕೆಯನ್ನು ಕಮ್ಮಾರನಿಂದ ಕತ್ತರಿಸಿಯೇ ಗುಜರಿಗೆ ಹಾಕಬೇಕು. ಇಡಿಯಾಗಿ ಮಾರಿದರೆ ಅದು ಮತ್ತೊಬ್ಬನ ಕೈ ಸೇರಿ ಹಿಂಸಾದಾನ ಮುಂದುವರಿಯುತ್ತದೆ.